ರೇಡ್‌ನಲ್ಲಿ ಗೆದ್ದ ಅಪರೂಪದ ಗನ್‌ಗಳು: ನಿಮ್ಮದೇ ಟಿಯರ್ ಲಿಸ್ಟ್ ಮಾಡಿಕೊಳ್ಳುವುದು ಹೇಗೆ?

ಮಂಗಳವಾರ ರಾತ್ರಿ ಹತ್ತೂವರೆ. ಗುಂಡು ಹಾರಿಸುವ ಆನ್‌ಲೈನ್ ಆಟ ‘ಡೆಸ್ಟಿನಿ 2’ ಆಡುವವರಿಗೆ ಈ ಹೊತ್ತು ಚೆನ್ನಾಗಿ ಗೊತ್ತು. ಆಟದ ವಾರ ಹೊಸದಾಗಿ ಶುರುವಾಗುವುದು ಆಗಲೇ. ಹೋದ ವಾರ ರೇಡ್ ಎಂಬ ತಂಡದ ಸವಾಲು ಮುಗಿಸಿ ಬರಿಗೈಯಲ್ಲಿ ಬಂದವರಿಗೆ ಮತ್ತೊಂದು ಅವಕಾಶ.

ನಮ್ಮ ಗುಂಪಿನಲ್ಲಿ ಆರು ಜನ. ಮೂವರು ಬೆಂಗಳೂರಿನವರು, ಒಬ್ಬ ಹುಬ್ಬಳ್ಳಿ, ಒಬ್ಬ ಶಿವಮೊಗ್ಗ. ಇನ್ನೊಬ್ಬ ದುಬೈಯಲ್ಲಿದ್ದಾನೆ, ಅವನಿಗೆ ಆಗ ಒಂಬತ್ತು ಗಂಟೆ. ಪ್ರತಿ ವಾರ ಒಂದೇ ಚರ್ಚೆ. ಈ ಸಲ ಯಾವ ರೇಡ್? ಯಾವ ಗನ್‌ಗೋಸ್ಕರ? ಯೂಟ್ಯೂಬ್‌ನಲ್ಲಿ ಟಿಯರ್ ಲಿಸ್ಟ್‌ಗಳಿಗೆ, ಅಂದರೆ ಗನ್‌ಗಳನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಇಡುವ ಪಟ್ಟಿಗಳಿಗೆ, ಬರ ಇಲ್ಲ. ಆದರೆ ಅವನ್ನು ಮಾಡಿದವರ ಗುಂಪೇ ಬೇರೆ, ನಮ್ಮ ಗುಂಪೇ ಬೇರೆ. ಅವರ ಗುರಿ ತಪ್ಪುವುದಿಲ್ಲ. ನಮ್ಮಲ್ಲಿ ಇಬ್ಬರು ಆಟಕ್ಕೆ ಹೊಸಬರು. ಹಾಗಾಗಿ ನಾವೇ ಒಂದು ಪಟ್ಟಿ ಮಾಡಿಕೊಂಡೆವು. ಅದನ್ನು ಮಾಡಿದ ಕ್ರಮ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವು ಆರು ಜನ ಸೇರಿ ಗೆಲ್ಲುವ ಗನ್‌ಗಳು. ಅಳೆಯುವಾಗಲೂ ಆರು ಜನರನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಗನ್ ನನ್ನ ಕೈಯಲ್ಲಿ ಎಷ್ಟು ಹೊಡೆಯುತ್ತದೆ ಅನ್ನುವುದು ಅರ್ಧ ಪ್ರಶ್ನೆ. ಇದು ನನ್ನ ಹತ್ತಿರ ಇದ್ದರೆ ಉಳಿದ ಐವರಿಗೆ ಏನು ಲಾಭ ಅನ್ನುವುದು ಇನ್ನರ್ಧ. ನನ್ನ ಮಟ್ಟಿಗೆ ಎರಡನೆಯದೇ ಜಾಸ್ತಿ ಮುಖ್ಯ.

ಹಂತ 1: ಇರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಬಂಜಿ ಕಂಪನಿ ‘ಡೆಸ್ಟಿನಿ’ ಆಟವನ್ನು 2014ರಲ್ಲಿ ತಂದಿತು, ‘ಡೆಸ್ಟಿನಿ 2’ ಬಂದದ್ದು 2017ರಲ್ಲಿ. ರೇಡ್ ಅಂದರೆ ಆರು ಜನ ಸೇರಿ ಆಡುವ ದೊಡ್ಡ ಸವಾಲು. ಸುಮ್ನೆ ಗುಂಡು ಹಾರಿಸಿದರೆ ಆಗುವುದಿಲ್ಲ, ಒಗಟುಗಳಿರುತ್ತವೆ, ಒಬ್ಬರಿಗೊಬ್ಬರು ಮಾತಾಡುತ್ತಲೇ ಇರಬೇಕು. 2018ರಲ್ಲಿ ‘ಲಾಸ್ಟ್ ವಿಶ್’ ರೇಡ್ ತೆರೆದಾಗ, ಜಗತ್ತಿನಲ್ಲಿ ಮೊದಲು ಮುಗಿಸಿದ ತಂಡಕ್ಕೇ ಹೆಚ್ಚುಕಡಿಮೆ 19 ಗಂಟೆ ಬೇಕಾಯಿತು. ಡಂಜನ್ ಅದರ ಚಿಕ್ಕ ರೂಪ, ಮೂರು ಜನರದ್ದು.

ಇಂಥ ಸವಾಲುಗಳ ಕೊನೆಯಲ್ಲಿ ಸಿಗುವ ಅತಿ ಅಪರೂಪದ ಗನ್‌ಗಳೇ ಎಕ್ಸಾಟಿಕ್‌ಗಳು. ಒಂದು ಸಲಕ್ಕೆ ಒಂದೇ ಎಕ್ಸಾಟಿಕ್ ಗನ್ ಇಟ್ಟುಕೊಳ್ಳಬಹುದು. ಈ ನಿಯಮ ಇಲ್ಲದಿದ್ದರೆ ಪಟ್ಟಿಯೇ ಬೇಕಾಗುತ್ತಿರಲಿಲ್ಲ. ಒಂದನ್ನು ಕೈಗೆತ್ತಿಕೊಂಡರೆ ಉಳಿದ ಎಲ್ಲವನ್ನೂ ಬಿಟ್ಟ ಹಾಗೆ.

ಹಾಳೆಯಲ್ಲಿ ಪ್ರತಿ ಗನ್‌ನ ಎದುರು ಮೂರು ವಿಷಯ ಬರೆಯಿರಿ: ಯಾವ ರೇಡ್ ಅಥವಾ ಡಂಜನ್‌ನದ್ದು, ಗನ್ ಇಟ್ಟುಕೊಳ್ಳುವ ಮೂರು ಜಾಗಗಳಲ್ಲಿ ಯಾವುದರಲ್ಲಿ ಕೂರುತ್ತದೆ, ಯಾವ ಗುಂಡು ತಿನ್ನುತ್ತದೆ. ಪ್ರೈಮರಿ ಗುಂಡು ಖಾಲಿಯಾಗುವುದಿಲ್ಲ. ಸ್ಪೆಷಲ್ ಮತ್ತು ಹೆವಿ ಗುಂಡು ಲೆಕ್ಕದಲ್ಲಿ ಸಿಗುತ್ತವೆ. ಹೆವಿ ಗನ್ ಎಕ್ಸಾಟಿಕ್ ಆದರೆ ಬಾಸ್, ಅಂದರೆ ದೊಡ್ಡ ಶತ್ರುವಿನ ಎದುರು ಅದು ಚೆನ್ನಾಗಿ ಹೊಡೆಯಲೇಬೇಕು. ಇಲ್ಲದಿದ್ದರೆ ಆ ಜಾಗ ದಂಡ.

ಹಂತ 2: ಸಿಗುವ ದಾರಿಯನ್ನು ಬೇರೆ ಮಾಡಿ

ಕೆಲವು ಗನ್ ಕೆಲಸ ಮುಗಿಸಿದರೆ ಖಂಡಿತ ಸಿಗುತ್ತವೆ. ಕೆಲವು ಅದೃಷ್ಟ ಇದ್ದರೆ ಮಾತ್ರ.

‘ಡಿವಿನಿಟಿ’ ಮೊದಲ ಗುಂಪಿನದ್ದು. ಚಂದ್ರನ ಮೇಲೆ ಶುರುವಾಗುವ ಒಂದು ಕ್ವೆಸ್ಟ್ (ಹಂತಹಂತದ ಕೆಲಸಗಳ ಸರಣಿ) ಇದೆ. ಕೊನೆಗೆ ‘ಗಾರ್ಡನ್ ಆಫ್ ಸಾಲ್ವೇಶನ್’ ರೇಡ್ ಒಳಗೆ ಅಡಗಿರುವ ಏಳು ಒಗಟು ಬಿಡಿಸಿ, ಬಾಸ್‌ನನ್ನು ಸೋಲಿಸಬೇಕು. ಒಗಟು ಅಂದರೆ ಆಟಗಾರರೇ ಸರಪಳಿಯಂತೆ ನಿಂತು ಬೆಳಕಿನ ಎಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವುದು. ಒಬ್ಬ ತುಸು ಅಲುಗಾಡಿದರೂ ಎಳೆ ಕಡಿಯುತ್ತದೆ. ಎಲ್ಲ ಸರಿಯಾಗಿ ಮಾಡಿದರೆ ಅದೇ ರಾತ್ರಿ ಗನ್ ಕೈಯಲ್ಲಿರುತ್ತದೆ. ‘ಗ್ರಾಸ್ಪ್ ಆಫ್ ಆವರಿಸ್’ ಡಂಜನ್‌ನ ಕ್ವೆಸ್ಟ್‌ನಿಂದ ಸಿಗುವ ‘ಗ್ಯಾಲರ್‌ಹಾರ್ನ್’ ಕೂಡ ಹೀಗೆಯೇ, ಶ್ರಮಕ್ಕೆ ತಪ್ಪದೆ ಫಲ.

ಎರಡನೇ ಗುಂಪಿನ ಕಥೆ ಬೇರೆ. ‘ಲಾಸ್ಟ್ ವಿಶ್’ನ ‘ಒನ್ ಥೌಸಂಡ್ ವಾಯ್ಸಸ್’, ‘ವಾಲ್ಟ್ ಆಫ್ ಗ್ಲಾಸ್’ನ ‘ವೆಕ್ಸ್ ಮಿಥೊಕ್ಲಾಸ್ಟ್’, ‘ಡೀಪ್ ಸ್ಟೋನ್ ಕ್ರಿಪ್ಟ್’ನ ‘ಐಸ್ ಆಫ್ ಟುಮಾರೊ’ ಎಲ್ಲ ಅದೃಷ್ಟದ ಮೇಲೆ ನಿಂತಿವೆ. ಸಾಮಾನ್ಯವಾಗಿ ವಾರಕ್ಕೆ ಒಂದು ಪಾತ್ರಕ್ಕೆ ಒಂದೇ ಅವಕಾಶ. ಟೈಟನ್, ಹಂಟರ್, ವಾರ್ಲಾಕ್ ಮೂವರನ್ನೂ ಬೆಳೆಸಿಟ್ಟುಕೊಂಡರೆ ವಾರಕ್ಕೆ ಮೂರು. ಕೆಲವು ಡಂಜನ್‌ಗಳಲ್ಲಿ ಟ್ರಯಂಫ್ ಎಂಬ ವಿಶೇಷ ಗುರಿಗಳನ್ನು ಮುಗಿಸಿದರೆ ಸಿಗುವ ಸಾಧ್ಯತೆ ಹೆಚ್ಚುತ್ತದೆ. ‘ವಾರ್ಲಾರ್ಡ್ಸ್ ರೂಯಿನ್’ ಡಂಜನ್‌ನ ‘ಬರೀಡ್ ಬ್ಲಡ್‌ಲೈನ್’ಗೆ ನಾವು ಹೋಗಿದ್ದು ಹಾಗೆಯೇ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಮೂವತ್ತು ವಾರ ಕಾದು ಸಿಕ್ಕ ಗನ್ ಅಂದರೆ ಅದಕ್ಕೆ ಮನಸ್ಸಿನಲ್ಲಿ ತಾನಾಗಿಯೇ ಬೆಲೆ ಏರಿರುತ್ತದೆ. ಪಟ್ಟಿಯಲ್ಲಿ ಆ ಬೆಲೆ ಸೇರಿಸಬೇಡಿ. ಸಿಗುವ ಕಷ್ಟಕ್ಕೆ ಬೇರೆ ಕಾಲಂ ಇಡಿ. ಯಾವುದರ ಹಿಂದೆ ಮೊದಲು ಹೋಗಬೇಕು ಅಂತ ಯೋಚಿಸುವಾಗ ಅದು ಬೇಕು. ಯಾವುದು ಒಳ್ಳೆಯ ಗನ್ ಅನ್ನುವಾಗ ಬೇಡ.

ಹಂತ 3: ತಂಡಕ್ಕೆ ಎಷ್ಟು ಬೇಕು?

ಇದೇ ನಮ್ಮ ಪಟ್ಟಿಯ ಜೀವ. ಪ್ರತಿ ಗನ್‌ಗೂ ಈ ಪ್ರಶ್ನೆ ಕೇಳಿ: ಇದು ಒಬ್ಬರ ಹತ್ತಿರ ಇದ್ದರೆ ಸಾಕಾ, ಎಲ್ಲರ ಹತ್ತಿರವೂ ಬೇಕಾ?

ಡಿವಿನಿಟಿಯನ್ನೇ ನೋಡಿ. ಇದು ಸ್ಪೆಷಲ್ ಗುಂಡಿನ ಟ್ರೇಸ್ ರೈಫಲ್. ಅದರ ಕಿರಣ ಬಾಸ್ ಮೇಲೆ ಸ್ವಲ್ಪ ಹೊತ್ತು ಬಿದ್ದರೆ ಬಾಸ್ ಸುತ್ತ ಒಂದು ದೊಡ್ಡ ಗುಳ್ಳೆ ಮೂಡುತ್ತದೆ. ಆ ಗುಳ್ಳೆಗೆ ಎಲ್ಲಿ ಗುಂಡು ತಾಗಿದರೂ ತಲೆಗೆ ಹೊಡೆದ ಲೆಕ್ಕ. ಜೊತೆಗೆ ಬಾಸ್ ದುರ್ಬಲನಾಗುತ್ತಾನೆ, ಎಲ್ಲರ ಏಟೂ ಜೋರಾಗುತ್ತದೆ. ಡಿವಿನಿಟಿ ಹಿಡಿದವರ ಸ್ವಂತ ಡ್ಯಾಮೇಜ್ ಅಂಕಿ ಕೊನೆಯಲ್ಲಿ ಕಡಿಮೆಯೇ ಇರುತ್ತದೆ. ಆದರೆ ಗುರಿ ಇನ್ನೂ ಕೂಡಿಬರದ ನಮ್ಮ ಹೊಸಬರಿಬ್ಬರ ಅಂಕಿ ಏರಿದ್ದು ಆ ಗುಳ್ಳೆಯಿಂದ. ಗುಳ್ಳೆ ಮೊದಲ ಸಲ ಮೂಡಿದಾಗ ಹೆಡ್‌ಸೆಟ್‌ನಲ್ಲಿ ಅವರಿಬ್ಬರು ಕೂಗಿದ ಖುಷಿ ನನಗೆ ಇನ್ನೂ ನೆನಪಿದೆ. ಒಬ್ಬರ ಹತ್ತಿರ ಇದ್ದರೆ ಸಾಕು. ಇಬ್ಬರು ಹಿಡಿದರೆ ಎರಡನೆಯದು ವ್ಯರ್ಥ, ಯಾಕೆಂದರೆ ಬಾಸ್‌ನನ್ನು ದುರ್ಬಲಗೊಳಿಸುವ ಪರಿಣಾಮಗಳು ಒಂದರ ಮೇಲೊಂದು ಕೂಡುವುದಿಲ್ಲ, ದೊಡ್ಡದೊಂದೇ ಲೆಕ್ಕಕ್ಕೆ ಬರುತ್ತದೆ.

ಗ್ಯಾಲರ್‌ಹಾರ್ನ್ ಇನ್ನೊಂದು ಬಗೆಯ ಹಂಚಿಕೊಳ್ಳುವ ಗನ್. ರಾಕೆಟ್ ಸಿಡಿದಾಗ ಚಿಕ್ಕ ಕ್ಷಿಪಣಿಗಳ ಹಿಂಡು ಹೊರಬಂದು ಶತ್ರುವನ್ನು ಹುಡುಕಿಕೊಂಡು ಹೋಗುತ್ತದೆ. ಹತ್ತಿರ ನಿಂತ ಗೆಳೆಯರ ಸಾಮಾನ್ಯ ರಾಕೆಟ್ ಲಾಂಚರ್‌ಗಳಿಗೂ ಆ ಹಿಂಡು ಸಿಗುತ್ತದೆ. ಅಂದರೆ ಒಬ್ಬರ ಎಕ್ಸಾಟಿಕ್ ಉಳಿದವರ ಸಾಧಾರಣ ಗನ್‌ಗೆ ಬಲ ಕೊಡುತ್ತದೆ, ಅವರು ತಮ್ಮ ಎಕ್ಸಾಟಿಕ್ ಜಾಗವನ್ನು ಬೇರೆಯದಕ್ಕೆ ಬಳಸಬಹುದು.

ಹಾಗಾದರೆ ಎರಡೂ ಒಟ್ಟಿಗೆ ಇದ್ದರೆ ಇನ್ನೂ ಚೆನ್ನಲ್ವಾ? ಪೂರ್ತಿ ಹಾಗಲ್ಲ. ರಾಕೆಟ್‌ಗೆ ತಲೆಗೆ ಹೊಡೆದ ಲಾಭ ಅಂತ ಇಲ್ಲ. ಎಲ್ಲರೂ ರಾಕೆಟ್ ಹಿಡಿದ ತಂಡಕ್ಕೆ ಡಿವಿನಿಟಿಯ ಗುಳ್ಳೆ ಕೆಲಸಕ್ಕೆ ಬರುವುದಿಲ್ಲ, ದುರ್ಬಲಗೊಳಿಸುವ ಗುಣ ಮಾತ್ರ ಉಳಿಯುತ್ತದೆ. ಆ ಕೆಲಸವನ್ನು ಬೇರೆ ದಾರಿಯಲ್ಲೂ ಮಾಡಬಹುದು. ತಲೆಗೆ ಗುರಿಯಿಡುವ ಸ್ನೈಪರ್, ಲೀನಿಯರ್ ಫ್ಯೂಷನ್ ರೈಫಲ್ ಹಿಡಿದ ತಂಡಕ್ಕೆ ಡಿವಿನಿಟಿ ಬಂಗಾರ. ಹೀಗಾಗಿ ಪಟ್ಟಿಯಲ್ಲಿ ಗನ್ ಹೆಸರಿನ ಪಕ್ಕ ‘ಯಾರ ಜೊತೆ’ ಅಂತಲೂ ಬರೆಯಿರಿ. ಬರಿಯ ಎಸ್, ಎ, ಬಿ ಅಂತ ದರ್ಜೆಯ ಅಕ್ಷರ ಇಟ್ಟರೆ ಈ ವಿಷಯ ಕಳೆದುಹೋಗುತ್ತದೆ.

ಹಂತ 4: ಹೊಡೆದು ನೋಡಿ, ಎರಡು ಅಂಕಿ ಬರೆದುಕೊಳ್ಳಿ

ಒಂದು ಬಾಸ್ ಆರಿಸಿ, ಅಲ್ಲಿಂದಲೇ ಮತ್ತೆ ಆಡಲು ಆ ಚೆಕ್‌ಪಾಯಿಂಟ್ ಉಳಿಸಿಟ್ಟುಕೊಳ್ಳಿ. ಒಂದೇ ಪಾತ್ರ, ಒಂದೇ ಆರ್ಮರ್, ಒಂದೇ ಜಾಗ. ಬೇರೆಯವರ ಸಹಾಯ ಬೇಡ. ಪರದೆಯನ್ನು ರೆಕಾರ್ಡ್ ಮಾಡಿ. ಒಂದು ಅಂಕಿ ಮೂವತ್ತು ಸೆಕೆಂಡಿನಲ್ಲಿ ಆದ ಡ್ಯಾಮೇಜ್. ಇನ್ನೊಂದು ಇರುವ ಗುಂಡೆಲ್ಲ ಮುಗಿಯುವ ತನಕ ಆದ ಒಟ್ಟು ಡ್ಯಾಮೇಜ್. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಎರಡು ಅಂಕಿ ಯಾಕೆ ಅಂದರೆ, ಕೆಲವು ಬಾಸ್ ಸ್ವಲ್ಪ ಹೊತ್ತು ಮಾತ್ರ ಸಿಗುತ್ತಾರೆ, ಕೆಲವರು ತುಂಬಾ ಹೊತ್ತು. ಮೊದಲನೆಯವರಿಗೆ ವೇಗ ಬೇಕು, ಎರಡನೆಯವರಿಗೆ ದಾಸ್ತಾನು.

‘ಟಚ್ ಆಫ್ ಮ್ಯಾಲಿಸ್’ ಅಳೆಯುವಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಇದು ‘ಕಿಂಗ್ಸ್ ಫಾಲ್’ ರೇಡ್‌ನ ಸ್ಕೌಟ್ ರೈಫಲ್. ಆ ರೇಡ್ ಮೊದಲು ಬಂದದ್ದು 2015ರಲ್ಲಿ, ‘ಡೆಸ್ಟಿನಿ 2’ಗೆ ವಾಪಸ್ ಬಂದದ್ದು 2022ರಲ್ಲಿ. ಈ ಗನ್‌ನ ಕೊನೆಯ ಗುಂಡು ಮುಗಿಯುವುದೇ ಇಲ್ಲ. ಹಾರಿಸಿದಷ್ಟೂ ಮತ್ತೆ ಬರುತ್ತದೆ, ಜೋರಾಗಿಯೂ ಹೊಡೆಯುತ್ತದೆ. ಆದರೆ ಪ್ರತಿ ಸಲ ನಿಮ್ಮ ಜೀವವನ್ನೇ ಸ್ವಲ್ಪ ತಿನ್ನುತ್ತದೆ. ಒಬ್ಬರೇ ಪರೀಕ್ಷೆ ಮಾಡಿದರೆ ಸತ್ತೇ ಹೋಗುತ್ತೀರಿ. ಪಕ್ಕದಲ್ಲಿ ಒಬ್ಬ ವಾರ್ಲಾಕ್ ‘ವೆಲ್ ಆಫ್ ರೇಡಿಯನ್ಸ್’ ನೆಟ್ಟು ಎಲ್ಲರ ಜೀವ ತುಂಬಿಸುತ್ತಿದ್ದರೆ ಗುಂಡಿನ ಚಿಂತೆಯೇ ಇಲ್ಲದೆ ಹೊಡೆಯುತ್ತಿರಬಹುದು. ಇಂಥ ಗನ್‌ಗೆ ಮಾತ್ರ ಪರೀಕ್ಷೆಯನ್ನು ಇಬ್ಬರು ಮಾಡಿ. ಸತ್ತರೆ ಮತ್ತೆ ಎಬ್ಬಿಸಲು ತಂಡದ ರಿವೈವ್ ಟೋಕನ್ ಒಂದು ಹೋಗುತ್ತದೆ ಅನ್ನುವುದನ್ನೂ ಹಾಳೆಯಲ್ಲಿ ಗುರುತಿಸಿ.

ಹಂತ 5: ಬಾಸ್ ಒಬ್ಬನೇ ಅಲ್ಲ

ರೇಡ್‌ನಲ್ಲಿ ಹೆಚ್ಚು ಸಮಯ ಹೋಗುವುದು ಬಾಸ್ ಮೇಲೆ ಅಲ್ಲ. ಗುಂಪುಗುಂಪಾಗಿ ಬರುವ ಚಿಕ್ಕವರ ಮೇಲೆ, ಚಾಂಪಿಯನ್‌ಗಳೆಂಬ ಗಟ್ಟಿ ಶತ್ರುಗಳ ಮೇಲೆ.

2023ರ ‘ರೂಟ್ ಆಫ್ ನೈಟ್‌ಮೇರ್ಸ್’ ರೇಡ್‌ನ ‘ಕಂಡೀಷನಲ್ ಫೈನಾಲಿಟಿ’ ನನಗೆ ಇಷ್ಟವಾಗಿದ್ದು ಈ ಕಾರಣಕ್ಕೆ. ಎರಡೇ ಗುಂಡಿನ ಶಾಟ್‌ಗನ್. ಒಂದು ಹೆಪ್ಪುಗಟ್ಟಿಸುತ್ತದೆ, ಇನ್ನೊಂದು ಹೊತ್ತಿಸಿ ಸಿಡಿಸುತ್ತದೆ. ಮುಂದೆ ನುಗ್ಗುವ ಅನ್‌ಸ್ಟಾಪಬಲ್ ಚಾಂಪಿಯನ್ ನಿಂತಲ್ಲೇ ನಿಲ್ಲುತ್ತಾನೆ. ಹೆವಿ ಜಾಗ ಖಾಲಿ ಇರುವುದರಿಂದ ಬಾಸ್‌ಗೆ ಬೇಕಾದ ಸಾಮಾನ್ಯ ಗನ್ ಅಲ್ಲಿಟ್ಟುಕೊಳ್ಳಬಹುದು.

ಇದಕ್ಕೆ ತದ್ವಿರುದ್ಧ ‘ಟ್ಯಾರಾಬಾ’ ಎಂಬ ಸಬ್‌ಮಷಿನ್ ಗನ್. ಏಟು ಕೊಟ್ಟಂತೆ, ಏಟು ತಿಂದಂತೆ ಅದರಲ್ಲಿ ಶಕ್ತಿ ಕೂಡುತ್ತದೆ. ಆದರೆ ಬೇರೆ ಗನ್ ಕೈಗೆತ್ತಿಕೊಂಡ ಕೂಡಲೇ ಕೂಡಿಟ್ಟದ್ದೆಲ್ಲ ಮಾಯ. ರೇಡ್‌ನಲ್ಲಿ ಕ್ಷಣಕ್ಷಣಕ್ಕೂ ಗನ್ ಬದಲಿಸಬೇಕು. ಹಿಡಿದರೆ ಚೆಂದದ ಗನ್, ಆದರೆ ಆರು ಜನರ ಕೆಲಸದ ಮಧ್ಯೆ ಅದಕ್ಕೆ ಹೊಂದಿಕೊಳ್ಳಲು ಆಗುವುದಿಲ್ಲ.

ಹಂತ 6: ಈಗ ಸಾಲಾಗಿ ಇಡಿ

ನಮ್ಮ ತಂಡದ ಸಾಲು ಹೇಳುತ್ತೇನೆ. ನಿಮ್ಮದು ಬೇರೆ ಬರಬಹುದು, ಬರಲಿ.

ಮೇಲಿನ ಸಾಲಿನಲ್ಲಿ ಡಿವಿನಿಟಿ, ಗ್ಯಾಲರ್‌ಹಾರ್ನ್, ಕಂಡೀಷನಲ್ ಫೈನಾಲಿಟಿ. ಮೊದಲೆರಡು ಖಂಡಿತ ಸಿಗುವಂಥವು, ಹೊಸ ತಂಡ ಅಲ್ಲಿಂದಲೇ ಶುರು ಮಾಡಲಿ. ಎರಡನೇ ಸಾಲಿನಲ್ಲಿ ಟಚ್ ಆಫ್ ಮ್ಯಾಲಿಸ್, ಬರೀಡ್ ಬ್ಲಡ್‌ಲೈನ್, ವೆಕ್ಸ್ ಮಿಥೊಕ್ಲಾಸ್ಟ್. ಬ್ಲಡ್‌ಲೈನ್ ಬೇಗ ಬೇಗ ಕೊಂದಂತೆ ಜೀವ ತುಂಬಿಸುತ್ತದೆ, ಹೊಸಬರು ಕಡಿಮೆ ಸಾಯುತ್ತಾರೆ. ಮಿಥೊಕ್ಲಾಸ್ಟ್ ಫ್ಯೂಷನ್ ರೈಫಲ್ ಆದರೂ ಪ್ರೈಮರಿ ಗುಂಡಿನಲ್ಲಿ ನಡೆಯುತ್ತದೆ. ಕೆಲವರನ್ನು ಕೊಂದ ಮೇಲೆ ಅದನ್ನು ಬೇರೆ ಬಗೆಯ, ಜೋರಾದ ಹೊಡೆತಕ್ಕೆ ಬದಲಿಸಬಹುದು.

ಮೂರನೇ ಸಾಲಿನಲ್ಲಿ ‘ಅನಾರ್ಕಿ’ (ಅದರ ಕಥೆ ಹಂತ 7ರಲ್ಲಿ), ಜೊತೆಗೆ ‘ಕಲೆಕ್ಟಿವ್ ಆಬ್ಲಿಗೇಶನ್’ ಎಂಬ ಪಲ್ಸ್ ರೈಫಲ್. ಎಲ್ಲರೂ ವಾಯ್ಡ್ ಎಂಬ ಬಗೆಯ ಶಕ್ತಿ ಬಳಸುವ ತಂಡದಲ್ಲಿ ಈ ರೈಫಲ್ ಒಂದು ಸಾಲು ಮೇಲೇರುತ್ತದೆ. ಕೆಳಗಿನ ಸಾಲಿನಲ್ಲಿ ಟ್ಯಾರಾಬಾ ಮತ್ತು ಐಸ್ ಆಫ್ ಟುಮಾರೊ. ಈ ಎರಡನೆಯದನ್ನು ಕೆಳಗಿಟ್ಟಾಗ ನಮ್ಮ ಹುಬ್ಬಳ್ಳಿಯ ಗೆಳೆಯನಿಗೆ ಬೇಸರವಾಯಿತು. ಅವನು ಅದಕ್ಕೋಸ್ಕರ ತಿಂಗಳುಗಟ್ಟಲೆ ಓಡಾಡಿದ್ದ. ಒಂದೇ ಸಲಕ್ಕೆ ಹಲವು ರಾಕೆಟ್ ಹಾರಿ ಬೇರೆ ಬೇರೆ ಶತ್ರುಗಳನ್ನು ಹುಡುಕಿ ಹೊಡೆಯುವ ನೋಟ ಸುಂದರವೇ. ಆದರೆ ಹೆವಿ ಜಾಗದಲ್ಲಿ ಕೂತು ಬಾಸ್ ಎದುರು ಮಂಕಾಗುತ್ತದೆ. ಅಂಕಿ ತೋರಿಸಿದ ಮೇಲೆ ಅವನೂ ಒಪ್ಪಿದ. ಜಗಳ ಬಂದಾಗ ಹಂತ 4ರ ರೆಕಾರ್ಡಿಂಗ್ ತೆಗೆದು ಒಟ್ಟಿಗೆ ನೋಡಿ.

ಹಂತ 7: ತಾರೀಕು ಬರೆಯಿರಿ

ಹಾಳೆಯ ಮೇಲ್ಗಡೆ ತಾರೀಕು ಇರಲೇಬೇಕು. ಅಪ್‌ಡೇಟ್ ಬಂದಾಗ ಗನ್‌ಗಳ ಗುಣ ಬದಲಾಗುತ್ತದೆ. ಡಿವಿನಿಟಿ ಒಂದು ಕಾಲಕ್ಕೆ ಬಾಸ್‌ನನ್ನು ಶೇ 30ರಷ್ಟು ದುರ್ಬಲ ಮಾಡುತ್ತಿತ್ತು, ಆಮೇಲೆ ಅದನ್ನು ಶೇ 15ಕ್ಕೆ ಇಳಿಸಿದರು. ಮಿಥೊಕ್ಲಾಸ್ಟ್ 2014ರಲ್ಲಿ ಆಟಗಾರರ ನಡುವಿನ ಪಂದ್ಯಗಳಲ್ಲಿ ಮಿತಿಮೀರಿ ಬಲವಾಗಿತ್ತು, ಅದಕ್ಕೂ ಕತ್ತರಿ ಬಿತ್ತು.

‘ಅನಾರ್ಕಿ’ ಎಂಬ ಗ್ರೆನೇಡ್ ಲಾಂಚರ್‌ನದ್ದು ಇನ್ನೂ ದೊಡ್ಡ ಏರಿಳಿತ. ಎರಡು ಗ್ರೆನೇಡ್ ಅಂಟಿಸಿ ಬಿಟ್ಟರೆ ಅವು ತಾವಾಗಿಯೇ ಮಿಂಚು ಹರಿಸುತ್ತಾ ಬಾಸ್‌ನನ್ನು ಸುಡುತ್ತಿದ್ದವು, ನೀವು ಬೇರೆ ಗನ್ ಎತ್ತಿಕೊಂಡು ಹೊಡೆಯುತ್ತಿರಬಹುದಿತ್ತು. ಅದು ಸಿಗುತ್ತಿದ್ದ ‘ಸ್ಕರ್ಜ್ ಆಫ್ ದ ಪಾಸ್ಟ್’ ರೇಡನ್ನು 2020ರ ನವೆಂಬರ್‌ನಲ್ಲಿ ಆಟದಿಂದಲೇ ತೆಗೆದರು. ಆಗ ಆಟಗಾರರೆಲ್ಲ ಸೇರುವ ಟವರ್‌ನಲ್ಲಿ ಒಂದು ಕಿಯಾಸ್ಕ್ ಇಟ್ಟು, ಬೇಕಾದ ಸಾಮಗ್ರಿ ಕೊಟ್ಟವರಿಗೆ ಗನ್ ಸಿಗುವಂತೆ ಮಾಡಿದರು. ಮರುವರ್ಷ ಅದರ ಏಟನ್ನೂ ಕಡಿಮೆ ಮಾಡಿದರು. ಹಳೆಯ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲಿದ್ದ ಗನ್ ನಮ್ಮ ಹಾಳೆಯಲ್ಲಿ ಮೂರನೇ ಸಾಲಿಗೆ ಬಂದಿದೆ.

ಕೊನೆಯದಾಗಿ, ಹೊಡೆದು ನೋಡದ ಗನ್‌ಗೆ ಸಾಲು ಕೊಡಬೇಡಿ. ಒನ್ ಥೌಸಂಡ್ ವಾಯ್ಸಸ್ ನಮ್ಮ ಆರು ಜನರಲ್ಲಿ ಯಾರಿಗೂ ಇನ್ನೂ ಸಿಕ್ಕಿಲ್ಲ. ಅದರ ಬೆಂಕಿಯ ಗೆರೆ, ಆ ಗೆರೆಯುದ್ದಕ್ಕೂ ಆಗುವ ಸ್ಫೋಟ, ಎಲ್ಲವನ್ನೂ ವಿಡಿಯೊದಲ್ಲಿ ನೋಡಿದ್ದೇವೆ ಅಷ್ಟೇ. ಹಾಳೆಯಲ್ಲಿ ಅದರ ಹೆಸರು ಇದೆ, ಮುಂದಿನ ಕಾಲಂಗಳು ಖಾಲಿ. ಬರುವ ಮಂಗಳವಾರ ಲಾಸ್ಟ್ ವಿಶ್‌ಗೆ ಹೋಗುವುದು ಅಂತ ಮಾತಾಗಿದೆ. ಮೂರು ಪಾತ್ರಗಳನ್ನೂ ತಯಾರು ಮಾಡಿಟ್ಟುಕೊಂಡಿದ್ದೇನೆ.