500 ಮನೆಗೆ ಕರೆಂಟ್ ತರುವುದು ಹೇಗೆ? ಪಾಯ ತೋಡುವ ಮೊದಲೇ ಶುರು ಮಾಡಿ

ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುವವರು ನೀರಿನ ಬಗ್ಗೆ ಮೊದಲ ದಿನವೇ ಯೋಚಿಸುತ್ತಾರೆ. ಬೋರ್‌ವೆಲ್ ಪಾಯಿಂಟ್ ನೋಡಿಸುತ್ತಾರೆ, ಸಂಪ್ ಎಲ್ಲಿ ಅಂತ ಗುರುತು ಹಾಕುತ್ತಾರೆ. ಕರೆಂಟ್ ಮಾತ್ರ ಕೊನೆಗೆ. ರಸ್ತೆಯಲ್ಲಿ ಕಂಬ ಇದೆ, ಅರ್ಜಿ ಹಾಕಿದರೆ ಆಯಿತು ಎನ್ನುವ ನಂಬಿಕೆ. ನಾನು ಹಿಂದೆ ಬಾಡಿಗೆಗಿದ್ದ ಕಡೆ ಹೀಗೇ ಆಗಿತ್ತು. ಜನ ಹಾಲು ಉಕ್ಕಿಸಿ ಒಳಗೆ ಬಂದಿದ್ದರು, ಕಾಯಂ ಕನೆಕ್ಷನ್ ಬಂದಿರಲಿಲ್ಲ. ತಿಂಗಳುಗಟ್ಟಲೆ ಜನರೇಟರ್ ಮೇಲೆ ಬದುಕು. ಲಿಫ್ಟ್ ನಿಂತಾಗ ವಯಸ್ಸಾದವರು ಮೆಟ್ಟಿಲ ಮೇಲೆ ಕೂತು ಕೂತು ಏಳನೇ ಮಹಡಿಗೆ ಹತ್ತುತ್ತಿದ್ದುದು ಇನ್ನೂ ಕಣ್ಣ ಮುಂದಿದೆ.

ಬೆಂಗಳೂರಿನ ಅಂಚಿನಲ್ಲಿ 500 ಮನೆಯ ಅಪಾರ್ಟ್‌ಮೆಂಟ್ ಬರುತ್ತಿದೆ ಅಂದುಕೊಳ್ಳಿ.

ಮೊದಲು ಲೋಡ್ ಲೆಕ್ಕ ಹಾಕಿ

ಮನೆಗೆ 5 ಕಿಲೋವ್ಯಾಟ್ ಹಿಡಿಯಿರಿ. ಗೀಸರ್ ಒಂದಕ್ಕೇ 2 ಕಿಲೋವ್ಯಾಟ್ ಬೇಕು, ಇಂಡಕ್ಷನ್ ಒಲೆಗೆ ಇನ್ನೊಂದು 2, ಹಾಗಾಗಿ ಇದು ಜಾಸ್ತಿಯೇನಲ್ಲ. 500 ಮನೆಗೆ 2,500 ಆಯಿತು. ಲಿಫ್ಟ್, ಪಂಪ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಕಾರಿಡಾರ್ ದೀಪಗಳಿಗೆ 300 ಇರಲಿ. ಆಮೇಲೆ ಎಲೆಕ್ಟ್ರಿಕ್ ಗಾಡಿಗಳು. ಕೇಂದ್ರದ ಮಾದರಿ ಕಟ್ಟಡ ಬೈಲಾಗೆ 2019ರಲ್ಲಿ ತಂದ ತಿದ್ದುಪಡಿ ಶೇ 20ರಷ್ಟು ಪಾರ್ಕಿಂಗ್‌ಗೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಎನ್ನುತ್ತದೆ. 500 ಪಾರ್ಕಿಂಗ್ ಇದ್ದರೆ 100 ಚಾರ್ಜರ್, ತಲಾ 3.3 ಕಿಲೋವ್ಯಾಟ್‌ನಂತೆ 330. ಒಟ್ಟು 3,130 ಕಿಲೋವ್ಯಾಟ್.

ಎಲ್ಲವೂ ಒಟ್ಟಿಗೆ ಓಡುವುದಿಲ್ಲ ಅಲ್ವಾ? ಮನೆಗಳ ಲೋಡಿನಲ್ಲಿ ಅರ್ಧ, ಲಿಫ್ಟ್ ಪಂಪುಗಳದ್ದು ಶೇ 70, ಚಾರ್ಜರ್‌ಗಳದ್ದು ಶೇ 60 ಒಂದೇ ಹೊತ್ತಿಗೆ ಬರುತ್ತದೆ ಎಂದು ಹಿಡಿದರೆ ಸುಮಾರು 1,660 ಕಿಲೋವ್ಯಾಟ್ ಆಗುತ್ತದೆ. ಪವರ್ ಫ್ಯಾಕ್ಟರ್ (ಸಾಗಿಸುವ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.9 ಇಟ್ಟು ಭಾಗಿಸಿದರೆ 1,845 ಕೆವಿಎ, ಟ್ರಾನ್ಸ್‌ಫಾರ್ಮರ್ ಅಳೆಯುವುದು ಈ ಲೆಕ್ಕದಲ್ಲೇ. ಈ ಶೇಕಡಾವಾರು ನನ್ನ ಅಂದಾಜು, ಲೋಡ್ ಮಂಜೂರು ಮಾಡುವಾಗ ಬೆಸ್ಕಾಂ ತನ್ನ ನಿಯಮದ ಪ್ರಕಾರ ಲೆಕ್ಕ ಹಾಕುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ. ಇರಲಿ ಅಂತ ಸುಮ್ನೆ ಜಾಸ್ತಿ ಬರೆಸಬೇಡಿ, ಲೋಡಿಗೆ ತಕ್ಕಂತೆ ಪ್ರತಿ ತಿಂಗಳೂ ಫಿಕ್ಸೆಡ್ ಚಾರ್ಜ್ ಕಟ್ಟುವವರು ಮುಂದೆ ಅಲ್ಲಿ ವಾಸಿಸುವವರು.

ಇಷ್ಟು ಕರೆಂಟ್ ಎಲ್ಲಿಂದ ಬರುತ್ತದೆ?

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕೆಪಿಟಿಸಿಎಲ್‌ನ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಸಬ್‌ಸ್ಟೇಷನ್ 66 ಕೆವಿಯನ್ನು, ಅಂದರೆ 66,000 ವೋಲ್ಟನ್ನು, 11 ಕೆವಿಗೆ ಇಳಿಸುತ್ತದೆ. ಅಲ್ಲಿಂದ ನಮ್ಮ ಕಡೆಗೆ ಹೊರಡುವ 11 ಕೆವಿ ಲೈನ್, ಅಂದರೆ ಫೀಡರ್, ಬೆಸ್ಕಾಂನದ್ದು. ಅಂದರೆ ಎರಡು ಕಡೆ ವಿಚಾರಿಸಬೇಕು. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್‌ಗೆ ಇನ್ನೂ ಹೊರುವ ಶಕ್ತಿ ಇದೆಯಾ? ನಮ್ಮ ಕಡೆಯ ಫೀಡರ್ ಇನ್ನೂ 97 ಆಂಪಿಯರ್ ತಾಳುತ್ತದಾ? 1,845 ಕೆವಿಎ ಅಂದರೆ 11 ಕೆವಿಯಲ್ಲಿ ಅಷ್ಟೇ ಆಗುತ್ತದೆ. ಜುಲೈ ತಿಂಗಳ ರೀಡಿಂಗ್ ತೋರಿಸಿದರೆ ಒಪ್ಪಬೇಡಿ. ಬೇಸಿಗೆಯಲ್ಲಿ ಲೋಡ್ ಏರುತ್ತದೆ, ಮಾರ್ಚ್, ಏಪ್ರಿಲ್‌ನ ಗರಿಷ್ಠ ಲೋಡ್ ಕೇಳಿ.

ಫೀಡರ್ ತುಂಬಿದ್ದರೆ ಹೊಸದು ಎಳೆಯಬೇಕು, ಅದಕ್ಕೆ ಸಬ್‌ಸ್ಟೇಷನ್ನಿನಲ್ಲಿ ಖಾಲಿ ಬೇ (ಹೊಸ ಫೀಡರ್ ಜೋಡಿಸುವ ಜಾಗ) ಇರಬೇಕು, ದಾರಿಯುದ್ದಕ್ಕೂ ಕೇಬಲ್ ಹೂಳಲು ರಸ್ತೆ ಅಗೆಯುವ ಅನುಮತಿ ಬೇಕು, ಮಳೆಗಾಲದಲ್ಲಿ ಅದು ಸಿಗುವುದು ಕಷ್ಟ. ಸಬ್‌ಸ್ಟೇಷನ್ನೇ ತುಂಬಿದ್ದರೆ ಅದರ ಸಾಮರ್ಥ್ಯ ಏರಿಸಬೇಕು, ಇಲ್ಲವೇ ಹೊಸದು ಬರಬೇಕು, ಎರಡೂ ತಿಂಗಳೊಪ್ಪತ್ತಿನಲ್ಲಿ ಮುಗಿಯುವ ಕೆಲಸವಲ್ಲ. ಅದಕ್ಕೇ ಪಾಯಕ್ಕಿಂತ ಮೊದಲು ಶುರು ಮಾಡಿ ಅನ್ನುವುದು. ಸಾವಿರಾರು ಮನೆಯ ಟೌನ್‌ಶಿಪ್ ಆದರೆ ನಕ್ಷೆಯಲ್ಲೇ ಸಬ್‌ಸ್ಟೇಷನ್‌ಗೆ ಜಾಗ ತೆಗೆದಿಡಿ.

ಟಿಸಿಗೆ ಒಳ್ಳೆಯ ಜಾಗ ಕೊಡಿ

ಟಿಸಿ ಅಂದರೆ 11 ಕೆವಿಯನ್ನು ಮನೆಗೆ ಬೇಕಾದ 400 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್. ಯಾವುದಕ್ಕೂ ಆಗದ ಮೂಲೆಯನ್ನು ಅದಕ್ಕೆ ಬಿಡುವುದು ನಮ್ಮಲ್ಲಿ ರೂಢಿ. ಅದು ತಪ್ಪು. 100 ಕಿಲೋವ್ಯಾಟ್ ಸಾಗಿಸಲು 400 ವೋಲ್ಟಿನಲ್ಲಿ ಸುಮಾರು 160 ಆಂಪಿಯರ್ ಬೇಕು, 11 ಕೆವಿಯಲ್ಲಿ 6 ಆಂಪಿಯರ್ ಸಾಕು. ಹಾಗಾಗಿ 11 ಕೆವಿ ಕೇಬಲನ್ನು ಆದಷ್ಟು ಟವರ್‌ಗಳ ಹತ್ತಿರಕ್ಕೆ ತನ್ನಿ. ದಪ್ಪ ಕೇಬಲ್ ಖರ್ಚು ಉಳಿಯುತ್ತದೆ, ಕೊನೆಯ ಟವರ್‌ನಲ್ಲಿ ವೋಲ್ಟೇಜ್ ಬೀಳುವುದಿಲ್ಲ. ಮಳೆನೀರು ನಿಲ್ಲದ, ಕ್ರೇನ್ ಒಳಗೆ ಬರುವ ಜಾಗ ನೋಡಿ. ವಾಸದ ಕಟ್ಟಡದ ಒಳಗೇ ಇಡುವುದಾದರೆ ಎಣ್ಣೆ ತುಂಬಿದ್ದು ಬೇಡ, ಡ್ರೈ ಟೈಪ್ ಮಾತ್ರ. ಇದು ಸುರಕ್ಷತಾ ನಿಯಮವೂ ಹೌದು. ಸೈಟ್ ಪಕ್ಕ 11 ಕೆವಿ ತಂತಿ ಹಾದಿದ್ದರೆ ಬಾಲ್ಕನಿ ಕೂಡ ಅದರಿಂದ ಕನಿಷ್ಠ 1.2 ಮೀಟರ್ ದೂರ ಇರಬೇಕು.

ನಮ್ಮ ಲೆಕ್ಕಕ್ಕೆ 1,000 ಕೆವಿಎದ ಎರಡು ಟಿಸಿ ಸಾಕು. ಆದರೂ ಮೂರು ಹಾಕಿ ಎನ್ನುತ್ತೇನೆ. ಒಂದು ಸುಟ್ಟರೂ ಉಳಿದೆರಡು ಇಡೀ ಲೋಡ್ ಹೊರುತ್ತವೆ, ರಿಪೇರಿ ಮುಗಿಯುವವರೆಗೆ ಯಾರೂ ಕತ್ತಲಲ್ಲಿ ಕೂರಬೇಕಾಗಿಲ್ಲ. ಟವರ್‌ಗಳು ಹಂತ ಹಂತವಾಗಿ ಏಳುವುದಾದರೆ ಟಿಸಿಗಳನ್ನೂ ಹಾಗೇ ಖರೀದಿಸಬಹುದು. ಆದರೆ ಟ್ರೆಂಚ್ ಮತ್ತು ಪೈಪ್ ಮಾತ್ರ ಪೂರ್ತಿ ಲೋಡಿಗೆ ಮೊದಲೇ ಹಾಕಿ, ಒಂದೆರಡು ಖಾಲಿ ಪೈಪ್ ಸೇರಿಸಿ. ಆಮೇಲೆ ಟೈಲ್ಸ್ ಕಿತ್ತು ಅಗೆಯುವುದು ತಪ್ಪುತ್ತದೆ.

ಕಾಗದ ಪತ್ರ

ಬೆಸ್ಕಾಂಗೆ ಅರ್ಜಿ, ಸ್ಥಳ ಪರಿಶೀಲನೆ, ಎಸ್ಟಿಮೇಟ್, ಪವರ್ ಸ್ಯಾಂಕ್ಷನ್. ಸೆಲ್ಫ್ ಎಕ್ಸಿಕ್ಯೂಷನ್‌ನಲ್ಲಿ, ಅಂದರೆ ಲೈನ್ ಕೆಲಸವನ್ನು ಬೆಸ್ಕಾಂ ಬದಲು ನೀವೇ ಮಾಡಿಸುವುದಾದರೆ, ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ವಿದ್ಯುತ್ ಪರಿವೀಕ್ಷಣಾಲಯದಿಂದ ಡ್ರಾಯಿಂಗ್‌ಗೆ ಒಪ್ಪಿಗೆ ಪಡೆಯಿರಿ. ಕೆಲಸ ಮುಗಿದ ಮೇಲೆ ಅವರು ಬಂದು ನೋಡಿ ಒಪ್ಪಬೇಕು, ಲೈನಿಗೆ ಕರೆಂಟ್ ಬಿಡುವುದು ಆಮೇಲೆ.

ಫ್ಲ್ಯಾಟ್ ಬುಕ್ ಮಾಡುವವರು ಪವರ್ ಸ್ಯಾಂಕ್ಷನ್ ಪತ್ರ ಕೇಳಿ ನೋಡಿ. ಎಷ್ಟು ಲೋಡ್, ಯಾವ ಸಬ್‌ಸ್ಟೇಷನ್, ಯಾವ ಫೀಡರ್ ಎಂದು ವಿಚಾರಿಸಿ. ತಾತ್ಕಾಲಿಕ ಕನೆಕ್ಷನ್‌ನ ಪತ್ರ ತೋರಿಸಿದರೆ ಸುಮ್ಮನಾಗಬೇಡಿ. ಅದು ಕಟ್ಟಡದ ಕೆಲಸಕ್ಕೆ ಮಾತ್ರ, ನಿಮ್ಮ ಮನೆಗಲ್ಲ.