ಕೆನಡಾದ ವಿನ್ನಿಪೆಗ್‌ಗೆ ಬರುವವರೇ, ಗಾಳಿಯ ಲೆಕ್ಕ ಮೊದಲು ಕಲಿಯಿರಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ ಬರುವವರೆಲ್ಲ ಮೊದಲು ಕೇಳುವುದು, "ಮೈನಸ್ ಎಷ್ಟಿರುತ್ತದೆ?" ಅಂತ. ಗಾಳಿ ಎಷ್ಟಿರುತ್ತದೆ ಅಂತಲೂ ಕೇಳಿ.

ನಮ್ಮ ಮೈ ತನ್ನ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರ ಇಟ್ಟುಕೊಂಡಿರುತ್ತದೆ. ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಬಸಿಗೆ ಹಾಕಿದ ಚಹಾ ಊದಿದಷ್ಟೂ ಬೇಗ ಆರುತ್ತದಲ್ವಾ, ಹಾಗೆ. ಥರ್ಮಾಮೀಟರ್ ಮೈನಸ್ 20 ಇದ್ದು, ಗಾಳಿ ಗಂಟೆಗೆ 30 ಕಿ.ಮೀ. ಬೀಸಿದರೆ ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿಯ ಲೆಕ್ಕ, ಮೈನಸ್ 33. ವಿಂಡ್ ಚಿಲ್ ಮೈನಸ್ 28 ಮುಟ್ಟಿದರೇ ಸಾಕು, ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ಕ್ಕೆ ಇಳಿದರೆ 5ರಿಂದ 10 ನಿಮಿಷ ಸಾಕು. ಒಂದು ಬಸ್ ತಪ್ಪಿ ಇನ್ನೊಂದಕ್ಕೆ ಕಾಯುವಷ್ಟು ಹೊತ್ತು.

ನಮ್ಮ ಗದಗದಲ್ಲಿ ಗಾಳಿ ಬಿಟ್ಟರೆ ಕಿಟಕಿ ತೆಗೆಯುತ್ತೇವೆ, ಕಟ್ಟೆಗೆ ಬಂದು ಕೂರುತ್ತೇವೆ. ಗಾಳಿಯ ಜೊತೆಗಿನ ಆ ಸಲಿಗೆ ಇಲ್ಲಿ ನಡೆಯುವುದಿಲ್ಲ. ಇಷ್ಟು ವರ್ಷವಾದರೂ ನನಗೆ ಅದೊಂದು ಸಂಕಟವೇ.

ಮೂಗು, ಕಿವಿ, ಬೆರಳ ತುದಿ ಮೊದಲು ಚುರುಚುರು ಅನ್ನುತ್ತವೆ. ಆಮೇಲೆ ನೋವು ನಿಲ್ಲುತ್ತದೆ. ಚಳಿ ರೂಢಿಯಾಯಿತು ಅಂತ ಹೊಸಬರು ಸಮಾಧಾನಪಡುವುದು ಆಗಲೇ. ಅದು ರೂಢಿಯಲ್ಲ, ಚರ್ಮ ಜೋಮು ಹಿಡಿದದ್ದು. ದಯವಿಟ್ಟು ಆ ಕ್ಷಣವೇ ಒಳಗೆ ಹೋಗಿ. ನಮ್ಮ ಕಂದು ಮೈಬಣ್ಣದಲ್ಲಿ ಬಿಳಿಚಿದ್ದು ಬೇಗ ಕಾಣಲ್ಲ. ಬೂದು ಬಣ್ಣ, ಮೇಣದಂಥ ಹೊಳಪು ಬಂದಿದೆಯಾ, ಮುಟ್ಟಿದರೆ ಗಟ್ಟಿಯಾಗಿದೆಯಾ ನೋಡಿ.

ಆಗ ನಮ್ಮ ಕೈ ತಾನಾಗೇ ತಿಕ್ಕಲು ಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜೋಣ, ಹೀಟರ್ ಮುಂದೆ ಕಾಸೋಣ ಅನ್ನಿಸುತ್ತದೆ. ಎರಡೂ ಬೇಡ. ತಿಕ್ಕಿದರೆ ಒಳಗೆ ಗಾಯವಾಗುತ್ತದೆ. ಜೋಮು ಹಿಡಿದ ಚರ್ಮಕ್ಕೆ ಸುಟ್ಟರೂ ತಿಳಿಯಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, 37ರಿಂದ 39 ಡಿಗ್ರಿ ಸಾಕು. ಬೊಬ್ಬೆ ಎದ್ದರೆ, ಬಣ್ಣ ಮರಳದಿದ್ದರೆ ಆಸ್ಪತ್ರೆಗೆ ಹೋಗಿ.

ಊರಿಂದ ಅವ್ವ ಬಂದರೆ ಒಡವೆಯ ವಿಚಾರ ಮೊದಲೇ ಮಾತಾಡಿ. ಮೂಗುಬಟ್ಟು, ಬೆಂಡೋಲೆ ಬೇಗ ತಣ್ಣಗಾಗಿ ಚರ್ಮದ ಬಿಸಿ ಎಳೆದುಕೊಳ್ಳುತ್ತವೆ. ಬಿಗಿಯಾದ ಕಾಲುಂಗುರ ಬೆರಳಿಗೆ ರಕ್ತ ಹೋಗದಂತೆ ಮಾಡುತ್ತದೆ, ಬಾವು ಬಂದಮೇಲೆ ತೆಗೆಯಲೂ ಆಗಲ್ಲ. ಕಾಲುಂಗುರ ತೆಗೆ ಅಂತ ಅವ್ವನಿಗೆ ಹೇಳಲು ನಾಲಿಗೆ ಏಳುವುದಿಲ್ಲ. ನಮ್ಮವ್ವ ಬಾಗಿಲಲ್ಲಿ ಕೂತು ಒಂದೊಂದೇ ಬಿಚ್ಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಡುತ್ತಿದ್ದಳು. ಮನೆಗೆ ಬಂದು ಬೂಟು ಕಳಚಿದ ಕೂಡಲೇ ಮತ್ತೆ ಹಾಕಿಕೊಳ್ಳುತ್ತಿದ್ದಳು.

ಬಟ್ಟೆಯಲ್ಲಿ ಮೈಗಂಟಿ ಹತ್ತಿ ಬೇಡ, ಬೆವರು ಹಿಡಿದಿಡುತ್ತದೆ. ಕಂಬಳಿ ಹೊದ್ದು ಬೆಳೆದ ನಮಗೆ ಉಣ್ಣೆಯ ಗುಣ ಹೇಳಬೇಕಿಲ್ಲ. ಐದು ಬೆರಳಿನ ಗ್ಲೌಸ್‌ಗಿಂತ ಬೆರಳೆಲ್ಲ ಒಟ್ಟಿಗೆ ಇರುವ ಮಿಟನ್ ಜಾಸ್ತಿ ಬೆಚ್ಚಗೆ.

ಇಷ್ಟು ಹೇಳಿದೆನೆಂದು ಮಕ್ಕಳನ್ನು ಮನೆಯಲ್ಲೇ ಕೂಡಿಹಾಕಬೇಡಿ. ಹಿಮದಲ್ಲಿ ಆಡದ ಮಗುವಿಗೆ ಇಲ್ಲಿ ಗೆಳೆಯರು ಸಿಗುವುದು ಕಷ್ಟ. ಆ ಮಗುವಿಗೆ ನಮ್ಮೂರೂ ಇಲ್ಲ, ಈ ಊರೂ ಇಲ್ಲ ಅನ್ನುವಂತಾಗುತ್ತದೆ. ಮೈನಸ್ 10ರಲ್ಲಿ ಗಾಳಿ ಇಲ್ಲದ ದಿನ ಸರಿಯಾಗಿ ಹೊದಿಸಿ ಕಳಿಸಿ. ಆಟದ ನಡುವೆ ಕರೆದು "ಚಳಿಯಾ?" ಅಂತ ಕೇಳಿದರೆ ಇಲ್ಲ ಅಂತಲೇ ಅನ್ನುತ್ತವೆ. ಕೇಳಬೇಡಿ, ಕೆನ್ನೆ, ಕಿವಿ ಮುಟ್ಟಿ ನೋಡಿ.