ಹುಲ್ಲಿಗೆ ನೀರು ಕಡಿಮೆ ಮಾಡಿದ ಮೇಲೆ

ಬೆಂಗಳೂರಿನಲ್ಲಿರುವ ನಮ್ಮ ಮನೆ ಮುಂದೆ 20 ಅಡಿ ಉದ್ದ, 12 ಅಡಿ ಅಗಲದ ಹುಲ್ಲುಹಾಸು ಇದೆ. ಮನೆ ಕಟ್ಟಿ ಮುಗಿದ ವರ್ಷವೇ ನರ್ಸರಿಯಿಂದ ಕೊರಿಯನ್ ಹುಲ್ಲು ತರಿಸಿ ಹಾಸಿಸಿದ್ದೆ. ಆರು ತಿಂಗಳು ಕಣ್ಣಿಗೆ ಹಬ್ಬ. ಆಮೇಲೆ ಅಲ್ಲಲ್ಲಿ ಹಳದಿ ತಿರುಗಿತು. ನೀರು ಸಾಲದೇನೋ ಅಂದುಕೊಂಡು ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಪೈಪು ಹಿಡಿದೆ. ಯೂರಿಯಾ ಎರಚಿದೆ. ಒಂದು ವಾರ ಹಸಿರಾಗುತ್ತಿತ್ತು, ಮತ್ತೆ ಅದೇ ಹಳದಿ.

ಅಮ್ಮ ತುಮಕೂರು ಕಡೆಯವರು, ಹೊಲದ ಕೆಲಸ ಬಲ್ಲವರು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವರು, "ನೀನು ಹುಲ್ಲಿನ ಮುಖ ತೊಳೀತಿದ್ದೀಯ ಕಣೇ. ಬೇರಿಗೆ ಎಲ್ಲಿ ಕೊಡ್ತಿದ್ದೀಯ ನೀರು?" ಅಂದರು.

ಮಾರನೇ ದಿನ ಹಳೇ ಚಾಕು ತಂದು ಅಂಗೈ ಅಗಲದ ತುಂಡು ಕೊಯ್ದು ಎತ್ತಿದೆ. ಮೇಲೆ ಹಸಿರು ಬರೀ ಅರ್ಧ ಇಂಚು. ಅದರಡಿ ಒಂದು ಇಂಚು ದಪ್ಪಕ್ಕೆ ಸತ್ತ ಕಾಂಡ, ಒಣ ಬೇರು ಎಲ್ಲ ಹೆಣೆದುಕೊಂಡು ತೆಂಗಿನ ನಾರಿನ ಹಾಗೆ ಗಟ್ಟಿಯಾಗಿತ್ತು. ಜೀವ ಇರುವ ಬೇರು ಮಣ್ಣಿಗೆ ಒಂದು ಇಂಚು ಇಳಿದು, ಅಲ್ಲಿಂದ ಅಡ್ಡ ತಿರುಗಿತ್ತು. ಯಾಕೆ ಅಂತ ಉದ್ದದ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಎರಡು ಇಂಚಿಗೇ ಟಕ್ಕಂತ ನಿಂತಿತು. ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಒಣಗಿದ ಸಿಮೆಂಟ್ ಗಟ್ಟಿ. ಕಟ್ಟಡದ ಕಸದ ಮೇಲೆ ನಾಲ್ಕು ಬಾಂಡ್ಲಿ ಕೆಮ್ಮಣ್ಣು ಹರಡಿ ಹುಲ್ಲು ಹಾಸಿದ್ದರು. ದಿನಾ ಮೇಲೆ ಮೇಲೆ ನೀರು ಸಿಗುವಾಗ ಬೇರು ಕೆಳಗೆ ಯಾಕಾದರೂ ಇಳಿಯುತ್ತದೆ? ಇಳಿಯೋಣ ಅಂದರೂ ಜಾಗ ಇರಲಿಲ್ಲ.

ನೀವು ಹುಲ್ಲಿನ ಮೇಲೆ ಏನೇ ಖರ್ಚು ಮಾಡುವ ಮುಂಚೆ ಈ ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿ. ನೀರು ಕುಡಿದ ಒಳ್ಳೆ ಮಣ್ಣಿನಲ್ಲಿ ಅದು ಆರು ಇಂಚು ಸಲೀಸಾಗಿ ಇಳಿಯುತ್ತದೆ.

2022ರ ಮೇನಲ್ಲಿ ಎಲ್ಲ ಕಿತ್ತು ಹಾಕಿಸಿದೆ. ಒಂಬತ್ತು ಇಂಚು ಅಗೆಸಿ, ಕಸ ಆರಿಸಿ, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ತುಂಬಿಸಿದೆ. ಹಸಿ ಗೊಬ್ಬರ ಮಾತ್ರ ಹಾಕಬೇಡಿ, ಅದರ ಜೊತೆ ಕಳೆ ಬೀಜ ಬರುತ್ತದೆ. ಈ ಸಲ ಗರಿಕೆ ಹಾಕೋಣ ಅಂತ ತೀರ್ಮಾನ ಮಾಡಿದೆ. ಬೇಸಿಗೆಯಲ್ಲಿ ಹೊಲದ ಬದುವಿನ ಮೇಲೆ ಒಣಗಿ ಹೋದಂತೆ ಕಂಡು, ಒಂದು ಮಳೆಗೆ ಎದ್ದು ನಿಲ್ಲುವ ಹುಲ್ಲು ಅದು. ಜೂನ್ ಮೊದಲ ವಾರ, ಗೆಣ್ಣು ಇರುವ ತುಂಡುಗಳನ್ನು ನಾಲ್ಕು ನಾಲ್ಕು ಇಂಚಿಗೆ ಅಮ್ಮನೂ ನಾನೂ ಕೂತು ನೆಟ್ಟೆವು. ಮೂರು ತಿಂಗಳಲ್ಲಿ ನೆಲ ಮುಚ್ಚಿತು. ಆ ವರ್ಷ ಗೌರಿ ಗಣೇಶಕ್ಕೆ ಮಾರ್ಕೆಟ್ಟಿನಿಂದ ಗರಿಕೆ ತರಲಿಲ್ಲ.

ಇನ್ನು ನೀರಿನ ಲೆಕ್ಕ. ಖಾಲಿ ತಿಂಡಿ ಡಬ್ಬಿಯೊಂದನ್ನು ಹುಲ್ಲಿನ ಮೇಲಿಟ್ಟು ಪೈಪು ಹಿಡಿದು, ಅದರಲ್ಲಿ ಅರ್ಧ ಇಂಚು ನಿಲ್ಲುವ ತನಕ ಎಷ್ಟು ಹೊತ್ತು ಅಂತ ನೋಡಿಕೊಂಡೆ. ನಮ್ಮ ಜಾಗಕ್ಕೆ ಅದು ಸುಮಾರು 280 ಲೀಟರ್. ಬೇರು ಹಿಡಿದ ಮೇಲೆ ದಿನಾ ಚಿಮುಕಿಸುವುದನ್ನು ನಿಲ್ಲಿಸಿ, ವಾರಕ್ಕೆ ಎರಡೇ ಸಲ ಅಷ್ಟು ನೀರು ಕೊಟ್ಟೆ, ಅದೂ ಬೆಳಗಿನ ಹೊತ್ತು. ಸಂಜೆ ಹಾಕಿದರೆ ರಾತ್ರಿಯೆಲ್ಲ ಎಲೆ ಒದ್ದೆ ಇರುತ್ತದೆ, ಬೂಷ್ಟು ರೋಗಕ್ಕೆ ದಾರಿಯಾಗುತ್ತದೆ. ಬರಬರುತ್ತಾ ವಾರಕ್ಕೆ ಒಂದು ಸಲ ಸಾಕಾಯಿತು. ನಡೆದರೆ ಹೆಜ್ಜೆ ಗುರುತು ಹಾಗೇ ಉಳಿಯುತ್ತಿದೆ, ಹಸಿರು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದೆ ಅಂದರೆ ಬಾಯಾರಿದೆ ಅಂತ. ಕ್ಯಾಲೆಂಡರಿಗಿಂತ ನಾನು ಆ ಗುರುತನ್ನೇ ನಂಬುತ್ತೇನೆ.

ಕತ್ತರಿಸುವಾಗ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯುತ್ತೇನೆ. ಒಂದೂವರೆ ಇಂಚು ಉಳಿಸುತ್ತೇನೆ. ಬ್ಲೇಡು ಮೊಂಡಾದರೆ ಹುಲ್ಲು ಕತ್ತರಿಸಿಕೊಳ್ಳುವುದಿಲ್ಲ, ಹರಿಯುತ್ತದೆ. ಎರಡು ದಿನಕ್ಕೆ ತುದಿ ಬೆಳ್ಳಗಾಗುತ್ತದೆ.

ಆಗಸ್ಟಿನಲ್ಲಿ ಒಂದು ವರ್ಷ ಮೈನಾಗಳು ಒಂದೇ ಜಾಗದಲ್ಲಿ ಕೂತು ಕುಕ್ಕುತ್ತಿದ್ದವು. ಹೋಗಿ ಎಳೆದರೆ ಹುಲ್ಲು ಚಾಪೆಯಂತೆ ಮೇಲೆದ್ದು ಬಂತು. ಅಡಿಯಲ್ಲಿ ಗೊಣ್ಣೆಹುಳ. ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿ ಮಲಗಿದ್ದವು. ಬೇರು ತಿಂದು ಮುಗಿಸಿದ್ದವು. ಔಷಧಿ ಹೊಡೆಯಿರಿ ಅಂತ ಒಬ್ಬರು ಹೇಳಿದರು. ಆ ಮೈನಾಗಳಿಗೆ ವಿಷ ಉಣ್ಣಿಸಲು ನನಗೆ ಮನಸ್ಸು ಬರಲಿಲ್ಲ. ಕೈಯಲ್ಲೇ ಆರಿಸಿದೆ. ಅರ್ಧ ಚೊಂಬು ಹುಳ ಸಿಕ್ಕಿತು. ಬೇವಿನ ಹಿಂಡಿ ಬೆರೆಸಿ ಅಲ್ಲೇ ಮತ್ತೆ ಗರಿಕೆ ನೆಟ್ಟೆ.

ಕೊನ್ನಾರಿ ಗೆಡ್ಡೆ ಅನ್ನುವ ಕಳೆ ಮಾತ್ರ ಇವತ್ತಿಗೂ ಪೂರ್ತಿ ಹೋಗಿಲ್ಲ. ಎಲೆ ಹಿಡಿದು ಎಳೆದರೆ ಗೆಡ್ಡೆ ಮಣ್ಣಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಅದರ ಕೆಳಗೆ ದಾರದಂಥ ಬೇರಿಗೆ ಪೋಣಿಸಿಕೊಂಡು ಇನ್ನೂ ಗೆಡ್ಡೆಗಳಿರುತ್ತವೆ. ಮಳೆ ಬಂದ ಮಾರನೇ ದಿನ ಕುರ್ಪಿ ಹಿಡಿದು ದಾರದ ಹಿಂದೆಯೇ ಹೋಗಬೇಕು.

2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದು ಅಂತ ಆದೇಶ ಮಾಡಿತು, ತಪ್ಪಿದರೆ 5,000 ರೂಪಾಯಿ ದಂಡ. ಸರಿಯಾದ ಮಾತೇ ಅಲ್ವಾ, ಜನಕ್ಕೇ ನೀರಿಲ್ಲದಾಗ ಹುಲ್ಲಿಗೆಲ್ಲಿಯದು? ತರಕಾರಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಬಿಟ್ಟರೆ ಏನೂ ಕೊಡಲಿಲ್ಲ. ಗೊಬ್ಬರ ಹಾಕಲಿಲ್ಲ, ಕತ್ತರಿಸಲೂ ಇಲ್ಲ. ಏಪ್ರಿಲ್ ಹೊತ್ತಿಗೆ ಪೂರ್ತಿ ಒಣಹುಲ್ಲಿನ ಬಣ್ಣ. ಆಗ ಒಂದು ತುಂಡು ಅಗೆದು ನೋಡಿದೆ. ಬೇರು ಏಳು ಇಂಚು ಇಳಿದಿತ್ತು, ಗೆಣ್ಣು ಚಿವುಟಿದರೆ ಒಳಗೆ ತೆಳು ಹಸಿರು. ಮೇ ಮೊದಲ ವಾರ ಮಳೆ ಬಂತು. ಐದನೇ ದಿನ ಅಮ್ಮ ಬಾಗಿಲಿಂದಲೇ ಕೂಗಿದರು, "ಬಾ ಇಲ್ಲಿ, ಕಣ್ಣು ಬಿಟ್ಟಿದೆ ನೋಡು."